ಲ್ಯಾಟಿನ್ ತಾಳವಾದ್ಯಗಳು: ಕಲಬುರಗಿ ಸೀಮೆಯಲ್ಲಿ ಕಲಿಯುವ ಬಗೆ

ಕ್ಯೂಬಾ, ಪೋರ್ಟೊ ರಿಕೊ, ಡೊಮಿನಿಕನ್ ಗಣರಾಜ್ಯ, ಬ್ರೆಜಿಲ್, ಕೊಲಂಬಿಯ ಮೊದಲಾದ ನಾಡುಗಳಲ್ಲಿ ಆಫ್ರಿಕದ ಬಡಿತಗಳೂ ಸ್ಪೇನ್, ಪೋರ್ಚುಗಲ್‌ಗಳ ಹಾಡು ಕುಣಿತಗಳೂ ಬೆರೆತು ಬೆಳೆದ ಲಯಗಳಿಗೆ ಮತ್ತು ಅವುಗಳ ವಾದ್ಯಗಳಿಗೆ ಒಟ್ಟಾಗಿ ಲ್ಯಾಟಿನ್ ತಾಳವಾದ್ಯ ಎಂಬ ಹೆಸರು ಬಂದಿದೆ. ಕಾಂಗಾ, ಬೊಂಗೊ, ಟಿಂಬಾಲೆಸ್, ಕ್ಲಾವೆ, ಮರಾಕಾ, ಗುಯಿರೊ, ಗಂಟೆ, ಪಾಂಡೇರೊ, ಸುರ್ದೊ ಇವು ಈ ಬಳಗದ ಮುಖ್ಯ ವಾದ್ಯಗಳು. ಸೋನ್, ರುಂಬಾ, ಮಾಂಬೊ, ಚಾಚಾಚಾ, ಸಾಲ್ಸಾ, ಸಾಂಬಾ, ಬೊಸ್ಸಾ ನೋವಾ, ಮೆರೆಂಗೆ, ಕುಂಬಿಯಾ ಇವು ಮುಖ್ಯ ಲಯಶೈಲಿಗಳು.

ಇವನ್ನು ಕಲಬುರಗಿಯಲ್ಲೋ ಅಲ್ಲಿಂದ ಹುಮನಾಬಾದಿನ ದಾರಿಯಲ್ಲಿರುವ ಕಮಲಾಪುರದಲ್ಲೋ ಕೂತು ಕಲಿಯಬಯಸುವವರಿಗೆ ಎರಡು ವಿಷಯ ಮೊದಲೇ ತಿಳಿದಿರಬೇಕು. ಈ ವಾದ್ಯಗಳಲ್ಲಿ ಹಲವಕ್ಕೆ ಈ ಸೀಮೆಯ ಹಲಗಿ, ದಫ್, ನಗಾರಿ, ಎತ್ತಿನ ಗಂಟೆಗಳೊಡನೆ ದೂರದ ನಂಟೋ ಹೋಲಿಕೆಯೋ ಇದೆ. ಕೈಗೂ ಕಿವಿಗೂ ಆ ಮಟ್ಟಿಗೆ ಇವು ಅಪರಿಚಿತವಲ್ಲ. ಆದರೆ ಲಯವನ್ನು ಜೋಡಿಸುವ ಬಗೆ ನಮ್ಮ ತಬಲಾ, ಮೃದಂಗಗಳ ಬಗೆಗಿಂತ ಬೇರೆ. ಅಲ್ಲಿ ಒಬ್ಬನೇ ವಾದಕ ಇಡೀ ತಾಳವನ್ನು ಹೊರುವುದಿಲ್ಲ. ನಾಲ್ಕೈದು ಜನ ತಲಾ ಒಂದು ಚಿಕ್ಕ ತುಣುಕನ್ನು ಬಿಡದೆ ಬಾರಿಸುತ್ತಾರೆ, ಆ ತುಣುಕುಗಳು ಒಂದರ ಬಿಡುವಿನಲ್ಲಿ ಇನ್ನೊಂದು ಕೂತಾಗ ಲಯ ಹುಟ್ಟುತ್ತದೆ. ಕಲಿಕೆಯ ತೊಡಕುಗಳಲ್ಲಿ ಹೆಚ್ಚಿನವು ಈ ಎರಡನೆಯ ವಿಷಯವನ್ನು ಮರೆತಾಗ ಬರುವಂಥವು.

ಹುಟ್ಟು

ಕ್ಯೂಬಾದ ಸಕ್ಕರೆ ತೋಟಗಳಿಗೆ ಪಶ್ಚಿಮ ಆಫ್ರಿಕದ ಯೊರುಬಾ ಜನರನ್ನೂ ಕಾಂಗೊ ನದಿಯ ಸುತ್ತಲಿನ ಬಾಂಟು ಜನರನ್ನೂ ಗುಲಾಮರಾಗಿ ಸಾಗಿಸಲಾಯಿತು. ಅವರೊಂದಿಗೆ ಬಂದದ್ದು ನೆನಪು ಮಾತ್ರ. ವಾದ್ಯಗಳನ್ನು ಅಲ್ಲೇ ಹೊಸದಾಗಿ ಮಾಡಿಕೊಳ್ಳಬೇಕಾಯಿತು. ಗುಲಾಮಗಿರಿ ಕ್ಯೂಬಾದಲ್ಲಿ ಕೊನೆಗೊಂಡದ್ದು 1886ರಲ್ಲಿ, ಬ್ರೆಜಿಲ್‌ನಲ್ಲಿ 1888ರಲ್ಲಿ. ಹವಾನಾ ಮತ್ತು ಮತಾಂಸಸ್ ಬಂದರುಗಳ ಕೂಲಿಗಳು 19ನೆಯ ಶತಮಾನದ ಎರಡನೆಯ ಅರ್ಧದಲ್ಲಿ ರುಂಬಾವನ್ನು ಕಟ್ಟಿದರು. ಚರ್ಮವಾದ್ಯಗಳ ಮೇಲೆ ಆಳುವವರ ಕಣ್ಣು ಬಿದ್ದಾಗ ಅವರು ಮೀನು ತುಂಬಿ ಬಂದ ಮರದ ಪೆಟ್ಟಿಗೆಗಳನ್ನೂ ಮೇಣದಬತ್ತಿಯ ಪೆಟ್ಟಿಗೆಗಳನ್ನೂ ಬಾರಿಸಿದರು. ಇಂದಿಗೂ ರುಂಬಾದಲ್ಲಿ ಕಹೋನ್ ಎಂಬ ಪೆಟ್ಟಿಗೆ ವಾದ್ಯಕ್ಕೆ ಗೌರವದ ಜಾಗವಿದೆ. ಕ್ಯೂಬಾದ ರುಂಬಾ 2016ರಲ್ಲಿ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು.

ಸೋನ್ ಹುಟ್ಟಿದ್ದು ಕ್ಯೂಬಾದ ಪೂರ್ವ ಭಾಗದಲ್ಲಿ. 20ನೆಯ ಶತಮಾನದ ಆರಂಭದಲ್ಲಿ ಅದು ಹವಾನಾಕ್ಕೆ ಬಂತು. 1930ರಲ್ಲಿ ದೋನ್ ಅಸ್ಪಿಯಾಸು ತಂಡ ನ್ಯೂಯಾರ್ಕಿನಲ್ಲಿ ಮುದ್ರಿಸಿದ ‘ಎಲ್ ಮನಿಸೆರೊ’ ಹಾಡಿನ ತಟ್ಟೆ ಈ ಲಯದ ರುಚಿಯನ್ನು ಜಗತ್ತಿಗೆ ಹತ್ತಿಸಿತು. ಹುರಿದ ಶೇಂಗಾ ಮಾರುವವನ ಕೂಗೇ ಆ ಹಾಡಿನ ವಸ್ತು. 1940ರ ಸುಮಾರಿಗೆ ಆರ್ಸೇನಿಯೊ ರೊಡ್ರಿಗೆಸ್ ಎಂಬ ಅಂಧ ಸಂಗೀತಗಾರ ತನ್ನ ಸೋನ್ ತಂಡಕ್ಕೆ ಕಾಂಗಾವನ್ನು ಸೇರಿಸಿಕೊಂಡ. ಬೀದಿಯ ವಾದ್ಯವೆಂದು ದೂರವಿಟ್ಟಿದ್ದ ಕಾಂಗಾ ನೃತ್ಯದ ವೇದಿಕೆಗೆ ಬಂದು ಖಾಯಮ್ಮಾಗಿ ಕೂತದ್ದು ಹೀಗೆ. ಪಂಚಾಕ್ಷರಿ ಗವಾಯಿಗಳನ್ನೂ ಪುಟ್ಟರಾಜ ಗವಾಯಿಗಳನ್ನೂ ಕಂಡ ಉತ್ತರ ಕರ್ನಾಟಕದ ಓದುಗರಿಗೆ, ಕಣ್ಣಿಲ್ಲದ ಒಬ್ಬ ಕಲಾವಿದ ಒಂದು ನಾಡಿನ ಸಂಗೀತದ ದಿಕ್ಕನ್ನೇ ತಿರುಗಿಸಿದ ಎಂಬುದು ಅಚ್ಚರಿಯಾಗಲಾರದು.

1947ರಲ್ಲಿ ಕ್ಯೂಬಾದ ಕಾಂಗಾ ವಾದಕ ಚಾನೊ ಪೋಸೊ ಅಮೆರಿಕದ ಜಾಝ್ ಕಹಳೆಗಾರ ಡಿಜಿ ಗಿಲೆಸ್ಪಿಯ ತಂಡ ಸೇರಿದ. 1950ರ ದಶಕದ ಆರಂಭದಲ್ಲಿ ಎನ್ರಿಕೆ ಹೊರಿನ್ ಚಾಚಾಚಾ ರೂಪಿಸಿದ. ಟಿಂಬಾಲೆಸ್ ವಾದಕ ಟಿಟೊ ಪುಯೆಂಟೆಯ ‘ಓಯೆ ಕೋಮೊ ವಾ’ ಹಾಡನ್ನು 1970ರಲ್ಲಿ ಸಾಂಟಾನಾ ತಂಡ ರಾಕ್ ಧಾಟಿಯಲ್ಲಿ ಮತ್ತೆ ಹಾಡಿತು. ಬ್ರೆಜಿಲ್‌ನ ಬೊಸ್ಸಾ ನೋವಾ 1958ರಲ್ಲಿ ಜೊವಾವ್ ಜಿಲ್ಬೆರ್ತೊ ಮುದ್ರಿಸಿದ ‘ಶೆಗಾ ದಿ ಸೌದಾದಿ’ಯಿಂದ ಬೆಳಕಿಗೆ ಬಂತು. ಕ್ಯೂಬಾದ ಮೇಲೆ ಅಮೆರಿಕ ವ್ಯಾಪಾರ ನಿರ್ಬಂಧ ಹೇರಿದ ಮೇಲೆ ಅಲ್ಲಿನ ಬೊಂಗೊಗಳು ನ್ಯೂಯಾರ್ಕಿಗೆ ಬರುವುದು ನಿಂತಿತು. ಆಗ ಮಾರ್ಟಿನ್ ಕೋಹೆನ್ ತಾವೇ ತಯಾರಿಸಲು ತೊಡಗಿ 1964ರಲ್ಲಿ ಲ್ಯಾಟಿನ್ ಪರ್ಕಶನ್ ಎಂಬ ಕಂಪನಿ ತೆರೆದರು.

ಕಲಬುರಗಿ ಸೀಮೆಯ ಬಡಿತ

ಕಲಬುರಗಿ 1347ರಲ್ಲಿ ಬಹಮನಿ ರಾಜ್ಯದ ರಾಜಧಾನಿಯಾಯಿತು. 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಗುಲ್ಬರ್ಗಾ ಎಂಬ ಹೆಸರು 2014ರ ನವೆಂಬರ್ 1ರಂದು ಅಧಿಕೃತವಾಗಿ ಕಲಬುರಗಿ ಆಯಿತು. ಕೆಂಪು ಬಾಳೆಹಣ್ಣಿಗೆ ಹೆಸರಾದ ಕಮಲಾಪುರ ಈಗ ತಾಲ್ಲೂಕು ಕೇಂದ್ರ. 2017ರಲ್ಲಿ ತೆರೆದ ಬೀದರ್–ಕಲಬುರಗಿ ರೈಲುದಾರಿಯೂ ಇದೇ ಸೀಮೆಯನ್ನು ಹಾಯ್ದು ಹೋಗುತ್ತದೆ.

ಈ ಸೀಮೆಯಲ್ಲಿ ವರ್ಷದ ಯಾವ ತಿಂಗಳೂ ಬಡಿತವಿಲ್ಲದೆ ಕಳೆಯುವುದಿಲ್ಲ. ಮೊಹರಂನಲ್ಲಿ ಅಲಾಯಿ ಕುಣಿತಕ್ಕೆ ಹಲಗಿ, ರಿವಾಯತ್ ಪದಗಳು. ಅದರಲ್ಲಿ ಹಿಂದೂ ಮುಸ್ಲಿಂ ಎಂಬ ಭೇದವಿಲ್ಲದೆ ಊರು ಸೇರುತ್ತದೆ. ಖ್ವಾಜಾ ಬಂದೇ ನವಾಜರ ಉರುಸಿನಲ್ಲಿ ಢೋಲಕದ ಮೇಲೆ ಕವ್ವಾಲಿ. ಹೋಳಿ ಮುಗಿದ ಮೇಲೆ ಶರಣಬಸವೇಶ್ವರರ ಜಾತ್ರೆ. ಬೀರಪ್ಪನ ಗುಡಿಗಳಲ್ಲಿ ಡೊಳ್ಳಿನ ಪದ, ಯಲ್ಲಮ್ಮನ ಭಕ್ತರ ಕೈಯಲ್ಲಿ ಚೌಡಿಕೆ, ಭಜನೆಯ ಮನೆಗಳಲ್ಲಿ ಏಕತಾರಿ, ದಮ್ಮಡಿ, ತಾಳಗಳ ಜೊತೆ ಕಡಕೋಳ ಮಡಿವಾಳಪ್ಪನವರ ತತ್ವಪದ. ತಾಂಡಾಗಳಲ್ಲಿ ಲಂಬಾಣಿಗರು ನಗಾರಿಯ ಜೊತೆ ಲೋಹದ ತಟ್ಟೆಯನ್ನು ಬಡಿಯುತ್ತಾರೆ. ಈ ಕಡೆಯ ಅನೇಕ ತಬಲಾ ವಾದಕರಿಗೆ ಗದಗಿನ ವೀರೇಶ್ವರ ಪುಣ್ಯಾಶ್ರಮವೇ ಗುರುಮನೆ.

ಇಷ್ಟು ಕೇಳಿ ಬೆಳೆದ ಕಿವಿಗೆ ಕ್ಯೂಬಾದ ವಾದ್ಯಗಳನ್ನು ಒಂದೊಂದಾಗಿ ತೋರಿಸಿದರೆ ಗುರುತು ಹತ್ತತೊಡಗುತ್ತದೆ. ಟಿಂಬಾಲೆಸ್ ಎಂಬುದು ಯುರೋಪಿನ ವಾದ್ಯವೃಂದಗಳ ಟಿಂಪನಿಯ ಮಗು. ಟಿಂಪನಿ ಬಂದದ್ದು ಅರಬ್ಬರ ಮತ್ತು ತುರ್ಕರ ನಕ್ಕಾರಾದಿಂದ. ನಮ್ಮ ನಗಾರಿಯ ಹೆಸರು ಬಂದದ್ದೂ ಅದೇ ನಕ್ಕಾರಾದಿಂದ. ಒಂದೇ ತಾಯಿಯ ಒಂದು ಮಗು ದಖ್ಖನಿಗೆ ಬಂತು, ಇನ್ನೊಂದು ಯುರೋಪು ಸುತ್ತಿ ಹವಾನಾಕ್ಕೆ ಹೋಯಿತು. ದಫ್‌ನ ಕಥೆಯೂ ಹೀಗೆಯೇ: ಅರಬ್ಬರೊಂದಿಗೆ ಐಬೀರಿಯಕ್ಕೆ ಹೋದ ದಫ್ ಪೋರ್ಚುಗಲ್‌ನಲ್ಲಿ ಆಡುಫೆ ಎಂಬ ಹೆಸರು ಪಡೆಯಿತು, ಅದೇ ಬಳಗದ ಪಾಂಡೇರೊ ಪೋರ್ಚುಗೀಸರ ಹಡಗುಗಳಲ್ಲಿ ಬ್ರೆಜಿಲ್ ಸೇರಿ ಸಾಂಬಾದ ಜೀವಾಳವಾಯಿತು. ಕ್ಯೂಬಾದ ಸೆನ್ಸೆರೊ ಎಂಬುದು ಮೂಲದಲ್ಲಿ ದನದ ಕೊರಳ ಗಂಟೆ, ಒಳಗಿನ ನಾಲಗೆ ತೆಗೆದು ಹೊರಗಿನಿಂದ ಕೋಲಿನಲ್ಲಿ ಬಡಿಯುವಂಥದು. ಕಾರಹುಣ್ಣಿಮೆಗೆ ಎತ್ತಿಗೆ ಕಟ್ಟುವ ಗಂಟೆಯನ್ನು ಕೈಯಲ್ಲಿ ಹಿಡಿದು ಬಡಿದು ನೋಡಿದವರಿಗೆ ಆ ನಾದ ಹೊಸದಲ್ಲ. ಒಣಸೋರೆಯ ಬುರುಡೆ ಇಲ್ಲಿ ಏಕತಾರಿಯಾಯಿತು, ಅಲ್ಲಿ ಮೈಮೇಲೆ ಗೆರೆ ಕೊರೆಸಿಕೊಂಡು ಗುಯಿರೊ ಆಯಿತು.

ಇನ್ನೊಂದು ಹೋಲಿಕೆ ಬೆಂಕಿಯದು. ಹಲಗಿ ಬಾರಿಸುವವರು ಹುಲ್ಲು ಕಸಕಡ್ಡಿ ಹೊತ್ತಿಸಿ ಚರ್ಮವನ್ನು ಕಾಯಿಸಿ ನಾದ ಏರಿಸುವುದನ್ನು ಕಲಬುರಗಿಯ ಮಕ್ಕಳೆಲ್ಲ ಕಂಡಿದ್ದಾರೆ. ಹಳೆಯ ಕಾಂಗಾಗಳಿಗೂ ತಿರುಪು ಇರಲಿಲ್ಲ. ಚರ್ಮವನ್ನು ಮೊಳೆಯಿಂದ ಹೊಡೆದು ಕೂರಿಸುತ್ತಿದ್ದರು, ಬಾರಿಸುವ ಮುನ್ನ ಉರಿಯ ಶಾಖಕ್ಕೆ ಹಿಡಿಯುತ್ತಿದ್ದರು. ಲೋಹದ ಬಳೆಯೂ ತಿರುಪೂ ಬಂದದ್ದು ಆಮೇಲೆ.

ಆಫ್ರಿಕದ ನೇರ ಎಳೆಯೂ ಕರ್ನಾಟಕಕ್ಕೆ ಬಂದಿದೆ. ಪೋರ್ಚುಗೀಸರು ಗೋವೆಗೆ ತಂದ ಆಫ್ರಿಕನ್ನರ ವಂಶಸ್ಥರು ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲ ತಾಲ್ಲೂಕುಗಳಲ್ಲಿ ಸಿದ್ದಿಗಳಾಗಿ ನೆಲೆಸಿದ್ದಾರೆ. 2003ರಲ್ಲಿ ಅವರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಅವರ ಡಮಾಮಿ ಕುಣಿತಕ್ಕೆ ಡಮಾಮ್ ಎಂಬ ಎರಡು ಮುಖದ ಚರ್ಮವಾದ್ಯವೇ ಆಧಾರ. ಬ್ರೆಜಿಲ್‌ಗೆ ಗುಲಾಮರನ್ನು ಸಾಗಿಸಿದ ದೇಶವೇ ಗೋವೆಗೂ ಸಾಗಿಸಿತ್ತು. ಕಲಬುರಗಿಗೆ ಇನ್ನೂ ಹತ್ತಿರದ ಎಳೆ ಹೈದರಾಬಾದಿನ ಮರ್ಫಾ. ನಿಜಾಮರ ಆಫ್ರಿಕನ್ ಅಶ್ವದಳದ ಸಿದ್ದಿಗಳೂ ಯೆಮೆನಿನ ಹದ್ರಮೌತ್‌ನಿಂದ ಬಂದ ಅರಬರೂ ಬೆಳೆಸಿದ ಈ ಮೇಳ ಹೈದರಾಬಾದ್ ಸೀಮೆಯ ಮದುವೆ ಮೆರವಣಿಗೆಗಳಲ್ಲಿ ಇಂದಿಗೂ ಜನರನ್ನು ಕುಣಿಸುತ್ತದೆ. ಮರ್ಫಾದ ಓಟ ಕಿವಿಯಲ್ಲಿರುವ ಹುಡುಗನಿಗೆ ಕ್ಯೂಬಾದ ಆರು ಮಾತ್ರೆಯ ಲಯಗಳನ್ನು ಕೇಳಿಸಿದರೆ ತಲೆ ತಾನಾಗಿ ಆಡುತ್ತದೆ.

ತುಂಬಾ, ಬೊಂಗೊ, ರೇಸೊ

ಲ್ಯಾಟಿನ್ ವಾದ್ಯಗಳು ಭಾರತದ ಕಿವಿಗೆ ಬಿದ್ದದ್ದು ಹೆಚ್ಚಾಗಿ ಸಿನಿಮಾದ ಮೂಲಕ. ಮುಂಬಯಿಯ ಹೋಟೆಲುಗಳಲ್ಲಿ ಜಾಝ್ ನುಡಿಸುತ್ತಿದ್ದ ಗೋವೆಯ ಸಂಗೀತಗಾರರು ಹಿಂದಿ ಚಿತ್ರಗಳ ಧ್ವನಿಮುದ್ರಣಕ್ಕೆ ಬಂದಾಗ ಈ ಲಯಗಳೂ ಬಂದವು. ಸಿ. ರಾಮಚಂದ್ರರ ಸಂಗೀತದ ‘ಅಲ್ಬೇಲಾ’ 1951ರ ಚಿತ್ರ. ಅದರ ಕುಣಿತದ ಹಾಡುಗಳಲ್ಲಿ ಬೊಂಗೊ ಮರಾಕಾಗಳ ಸದ್ದು ಎದ್ದು ಕೇಳುತ್ತದೆ. ಪಾರ್ಸಿ ವಾದಕ ಕಾವಸ್ ಲಾರ್ಡ್ ಈ ವಾದ್ಯಗಳನ್ನು ಅಲ್ಲಿ ನೆಲೆಗೊಳಿಸಿದವರಲ್ಲಿ ಪ್ರಮುಖರು. ಮುಂದೆ ಆರ್.ಡಿ. ಬರ್ಮನ್ ಸಾಂಬಾ, ಬೊಸ್ಸಾ ನೋವಾಗಳನ್ನು ಹಿಂದಿ ಹಾಡಿನೊಳಗೆ ಕರಗಿಸಿದರು. ಅವರ ತಂಡದ ಅಮೃತರಾವ್ ಕಾಟ್ಕರ್ ರೇಸೊ ವಾದ್ಯಕ್ಕೆ ಹೆಸರಾದರು. ಬ್ರೆಜಿಲ್‌ನ ರೆಕೊ-ರೆಕೊ ಇಲ್ಲಿ ರೇಸೊ ಆಯಿತು. ಕಾಂಗಾಕ್ಕೆ ಕ್ಯೂಬಾದ ತುಂಬಾದೋರಾ ಎಂಬ ಹೆಸರಿನಿಂದ ತುಂಬಾ ಎಂಬ ರೂಪ ನಿಂತಿತು. ನಮ್ಮ ಆರ್ಕೆಸ್ಟ್ರಾದವರು ಇಂದಿಗೂ ತುಂಬಾ ಎಂದೇ ಕರೆಯುತ್ತಾರೆ. ಜಿ.ಕೆ. ವೆಂಕಟೇಶ್, ರಾಜನ್–ನಾಗೇಂದ್ರರ ಕಾಲದ ಕನ್ನಡ ಹಾಡುಗಳಲ್ಲಿ ಬೊಂಗೊ ತಬಲೆಯ ಮಗ್ಗುಲಲ್ಲೇ ಕೂತು ನುಡಿಯುತ್ತದೆ.

1985ರಲ್ಲಿ ಜಪಾನಿನ ರೋಲಂಡ್ ಕಂಪನಿ ಎಂಟು ರಬ್ಬರ್ ಹಲಗೆಗಳ ಆಕ್ಟಾಪ್ಯಾಡ್ ಹೊರತಂದಿತು. ಮದುವೆ, ಗಣಪತಿ, ರಸಮಂಜರಿ ಕಾರ್ಯಕ್ರಮಗಳ ತಂಡಗಳಿಗೆ ಅದು ವರವಾಯಿತು. ತುಂಬಾ, ಬೊಂಗೊ, ಗಂಟೆ, ಢೋಲಕ ಎಲ್ಲ ಒಂದೇ ಪೆಟ್ಟಿಗೆಯಲ್ಲಿ, ಒಬ್ಬನೇ ವಾದಕನ ಎರಡು ಕೋಲಿನಲ್ಲಿ ದೊರೆತವು. ಸಾಗಣೆಯ ಖರ್ಚು ಉಳಿಯಿತು ನಿಜ. ಆದರೆ ಅಂಗೈ, ಬೆರಳ ತುದಿ, ಅಂಚು, ನಡು ಎಂಬ ಭೇದಗಳಿಂದ ಚರ್ಮ ಕೊಡುವ ಹತ್ತಾರು ನಾದಗಳಲ್ಲಿ ಎರಡು ಮೂರು ಮಾತ್ರ ಉಳಿದವು, ನಾಲ್ವರ ಮಾತುಕತೆ ಒಬ್ಬನ ಕೆಲಸವಾಯಿತು. ಆಕ್ಟಾಪ್ಯಾಡಿನಲ್ಲೇ ಲ್ಯಾಟಿನ್ ಲಯ ಕಲಿಯಲು ಹೊರಟವರು ಒಂದು ವರ್ಷವಾದರೂ ನಿಜವಾದ ಚರ್ಮದ ಮೇಲೆ ಕೈ ಇಡುವುದು ಒಳ್ಳೆಯದು.

ಕ್ಲಾವೆ: ಐದು ಏಟಿನ ಬೀಗದ ಕೈ

ಕ್ಲಾವೆ ಎಂದರೆ ಸುಮಾರು 20 ಸೆಂಟಿಮೀಟರ್ ಉದ್ದದ ಎರಡು ಗಟ್ಟಿಮರದ ಕೋಲುಗಳು. ಸ್ಪ್ಯಾನಿಷ್ ಭಾಷೆಯಲ್ಲಿ ಕ್ಲಾವೆ ಎಂಬ ಪದಕ್ಕೆ ಕೀಲಿ ಎಂಬ ಅರ್ಥವಿದೆ. ಹವಾನಾದ ಹಡಗುಕಟ್ಟೆಯಲ್ಲಿ ಹಲಗೆ ಜೋಡಿಸಲು ಬಳಸುತ್ತಿದ್ದ ಮರದ ಗೂಟಗಳಿಂದ ಈ ವಾದ್ಯ ಹುಟ್ಟಿತೆಂದು ಹೇಳುವುದುಂಟು. ಆ ಕೋಲುಗಳ ಮೇಲೆ ಬಾರಿಸುವ ಐದು ಏಟಿನ ಮಾದರಿಗೂ ಕ್ಲಾವೆ ಎಂದೇ ಹೆಸರು. ಹಾಡು, ಬಾಸ್, ಪಿಯಾನೊ, ಕಹಳೆ, ಕುಣಿಯುವವರ ಹೆಜ್ಜೆ ಎಲ್ಲವೂ ಈ ಐದು ಏಟಿಗೆ ಕಟ್ಟುಬಿದ್ದಿವೆ. ಕೆಲವೊಮ್ಮೆ ಅದನ್ನು ಯಾರೂ ಬಾರಿಸುವುದೇ ಇಲ್ಲ, ಆದರೂ ಎಲ್ಲರ ಮನಸ್ಸಿನಲ್ಲಿ ಅದು ನಡೆಯುತ್ತಲೇ ಇರುತ್ತದೆ.

ಕೋಲಾಟದ ಕೋಲುಗಳನ್ನೇ ತೆಗೆದುಕೊಳ್ಳಬಹುದು. ಎಡಗೈಯನ್ನು ಬೊಗಸೆಯಂತೆ ಬಾಗಿಸಿ, ಒಂದು ಕೋಲನ್ನು ಬೆರಳ ತುದಿ ಮತ್ತು ಹೆಬ್ಬೆರಳ ಮೇಲೆ ಹಗುರವಾಗಿ ಮಲಗಿಸಬೇಕು. ಬಿಗಿ ಹಿಡಿದರೆ ನಾದ ಸಾಯುತ್ತದೆ. ಬಾಗಿದ ಅಂಗೈಯೇ ನಾದ ತುಂಬುವ ಬುರುಡೆ.

ಇನ್ನು ಲೆಕ್ಕ. ಸೋನ್ ಕ್ಲಾವೆಯ ಆವರ್ತ 16 ಚಿಕ್ಕ ಮಾತ್ರೆಗಳದು. ಏಟು ಬೀಳುವುದು 1, 4, 7, 11, 13ರ ಮೇಲೆ. ಅಂದರೆ ಏಟಿನಿಂದ ಏಟಿಗೆ 3, 3, 4, 2, 4 ಮಾತ್ರೆಗಳ ದೂರ. ತಾಳವನ್ನು ಬಾಯಲ್ಲಿ ಅಕ್ಷರಗಳಾಗಿ ಹೇಳುವ ದಕ್ಷಿಣದ ಕೊನ್ನಕ್ಕೋಲು ಬಲ್ಲವರು ಇದನ್ನು ಓದುತ್ತಲೇ ಬಾಯಲ್ಲಿ ಹೇಳಿಬಿಡುತ್ತಾರೆ: ತಕಿಟ ತಕಿಟ ತಕದಿಮಿ ತಕ ತಕದಿಮಿ. ಪ್ರತಿ ಗುಂಪಿನ ಮೊದಲ ಅಕ್ಷರಕ್ಕೆ ಕೋಲು ತಾಗಿಸಿದರೆ ಅದೇ ಕ್ಲಾವೆ. ಕಾಲು ಮಾತ್ರ 1, 5, 9, 13ರ ಮೇಲೆ ನೆಲ ತಟ್ಟುತ್ತಿರಬೇಕು. ಮೂರನೆಯ ಗುಂಪಿಗೆ ಬರುವಷ್ಟರಲ್ಲಿ ಕಾಲೂ ಕೈಯೂ ಜಗಳವಾಡತೊಡಗುತ್ತವೆ, ಹದಿಮೂರನೆಯ ಮಾತ್ರೆಯಲ್ಲಿ ಮತ್ತೆ ಕೂಡುತ್ತವೆ. ಆ ಜಗಳವೇ ಈ ಸಂಗೀತದ ಸೊಗಸು. ಅದನ್ನು ಬಾಯಿ, ಕಾಲು, ಕೈ ಮೂರರಲ್ಲೂ ಹತ್ತು ನಿಮಿಷ ತಪ್ಪದೆ ನಡೆಸುವವರೆಗೆ ಬೇರೆ ವಾದ್ಯ ಮುಟ್ಟದಿದ್ದರೆ ಮುಂದಿನ ತಿಂಗಳುಗಳು ಸುಲಭವಾಗುತ್ತವೆ.

ರುಂಬಾ ಕ್ಲಾವೆಯಲ್ಲಿ ಮೂರನೆಯ ಏಟು ಒಂದು ಮಾತ್ರೆ ತಡವಾಗಿ, 8ರ ಮೇಲೆ ಬೀಳುತ್ತದೆ: ತಕಿಟ ತಕದಿಮಿ ತಕಿಟ ತಕ ತಕದಿಮಿ. ಇಷ್ಟೇ ವ್ಯತ್ಯಾಸ, ಆದರೆ ಲಯ ಹಿಂದಕ್ಕೆ ಜಗ್ಗಿದಂತೆ ಕೇಳುತ್ತದೆ. ಬೊಸ್ಸಾ ನೋವಾದ ಮಾದರಿ ತಕಿಟ ತಕಿಟ ತಕದಿಮಿ ತಕಿಟ ತಕಿಟ. ಕೆರಿಬಿಯನ್ನಿನ ಬಹುಪಾಲು ಲಯಗಳ ತಾಯಿಬೇರಾದ ಟ್ರೆಸಿಲ್ಲೊ ಎಂಟೇ ಮಾತ್ರೆ: ತಕಿಟ ತಕಿಟ ತಕ. ಆಫ್ರಿಕದಿಂದ ನೇರವಾಗಿ ಬಂದ ಬೆಂಬೆ ಗಂಟೆಯ ಮಾದರಿ 12 ಮಾತ್ರೆಗಳಲ್ಲಿ ಏಳು ಏಟು, 2, 2, 1, 2, 2, 2, 1 ಎಂಬ ದೂರದಲ್ಲಿ. ಎರಡು ದಾದ್ರಾ ಆವರ್ತಗಳ ಮೇಲೆ ಇದನ್ನು ಕೂರಿಸಿ ಅಭ್ಯಾಸ ಮಾಡಬಹುದು.

ಇಲ್ಲೊಂದು ಎಚ್ಚರಿಕೆ ಅಗತ್ಯ. ಲೆಕ್ಕ ಹೊಂದಿಕೊಂಡಿತೆಂದು ಎರಡು ಸಂಗೀತಗಳೂ ಒಂದೇ ಮೂಲದವು ಎಂದು ಭಾವಿಸಬಾರದು. ನಗಾರಿ–ಟಿಂಬಾಲೆಸ್‌ಗಳ ನಂಟು ಇತಿಹಾಸದ್ದು. ತಕಿಟ–ಕ್ಲಾವೆಗಳ ಹೊಂದಿಕೆ ಬರಿಯ ಗಣಿತದ್ದು. ಗಣಿತ ಕಲಿಕೆಗೆ ಏಣಿ. ಮಾತಿನಲ್ಲಿ ತಾಳ ಹಿಡಿಯುವ ನಮ್ಮ ಪದ್ಧತಿ ಪರನಾಡಿನ ವಾದಕರಿಗೂ ಏಣಿಯಾಗಿದೆ: 1964ರಲ್ಲಿ ಟಿ.ಎ.ಎಸ್. ಮಣಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್, ಆರ್.ಎ. ರಮಾಮಣಿಯವರ ಗಾಯನದೊಡನೆ ಜಾಝ್ ಸಂಗೀತಗಾರರ ಜೊತೆ ದಶಕಗಳ ಕಾಲ ಕೆಲಸ ಮಾಡಿತು. ಚಾರ್ಲಿ ಮರಿಯಾನೊ ಜೊತೆಗಿನ ‘ಜ್ಯೋತಿ’ ಧ್ವನಿಮುದ್ರಿಕೆ 1983ರಲ್ಲಿ ಬಂತು.

ತುಂಬಾದ ಮೇಲೆ ಕೈ

ತುಂಬಾ ಸುಮಾರು 75 ಸೆಂಟಿಮೀಟರ್ ಎತ್ತರದ, ಮರದ ಪಟ್ಟಿಗಳನ್ನು ಜೋಡಿಸಿಯೋ ಫೈಬರ್‌ಗ್ಲಾಸ್‌ನಿಂದಲೋ ಮಾಡಿದ ಪೀಪಾಯಿಯಂಥ ವಾದ್ಯ. ಕ್ಯೂಬಾದಲ್ಲಿ ಚಿಕ್ಕದು ಕಿಂಟೊ, ನಡುವಿನದು ಕಾಂಗಾ, ದೊಡ್ಡದು ಮಾತ್ರ ತುಂಬಾ. ಮುಖ್ಯ ಏಟುಗಳು ನಾಲ್ಕೈದು. ಬೆರಳುಗಳ ಬುಡದ ಗೆಣ್ಣು ಅಂಚಿಗೆ ತಾಗಿ ಬೆರಳು ಚರ್ಮದಿಂದ ಪುಟಿದೆದ್ದರೆ ತೆರೆದ ಏಟು. ಕೈಯನ್ನು ತುಸು ಬಟ್ಟಲಾಗಿಸಿ ಬೆರಳ ತುದಿಯಿಂದ ಚಟೀರೆನ್ನಿಸಿದರೆ ಚಟಿ ಏಟು. ಅಂಗೈಯನ್ನು ನಡುವಿಗೆ ಒತ್ತಿದರೆ ಮಂದ್ರ. ಅಂಗೈ ಬುಡ, ಬೆರಳ ತುದಿ ಎಂದು ಎಡಗೈ ತೊಟ್ಟಿಲಂತೆ ತೂಗುವುದು ನಾಲ್ಕನೆಯದು. ಕೇಳಿಯೂ ಕೇಳದಂತಿರುವ ಆ ತೂಗಾಟವೇ ಇಡೀ ನಡೆಯನ್ನು ಹಿಡಿದಿಡುತ್ತದೆ.

ತಬಲಾ ಕಲಿತ ಕೈಗೆ ಇಲ್ಲಿ ಮೊದಲ ತೊಡಕು. ತಬಲೆಯಲ್ಲಿ ಬೆರಳು ಬೇರೆ ಬೇರೆಯಾಗಿ ಕೆಲಸ ಮಾಡುತ್ತದೆ, ತುಂಬಾದಲ್ಲಿ ಮುಂಗೈಯ ಭಾರ ಇಳಿಯಬೇಕು. ಢೋಲಕದವರು ಬೇಗ ಹೊಂದಿಕೊಳ್ಳುತ್ತಾರೆ. ಚಟಿ ಏಟು ಕೈಗೆ ಬರಲು ತಿಂಗಳುಗಳೇ ಬೇಕು. ಜೋರು ಮಾಡಿದರೆ ಬರುವುದಿಲ್ಲ, ಕೈ ಸಡಿಲವಾದ ದಿನ ತಾನಾಗಿ ಬರುತ್ತದೆ. ಉಂಗುರ ತೆಗೆದಿಡಬೇಕು, ಬೆರಳು ಊದಿದರೆ ಎರಡು ದಿನ ಬಿಡಬೇಕು.

ಕಾಂಗಾದ ಮೂಲನಡೆಗೆ ತುಂಬಾವ್ ಎಂದು ಹೆಸರು. ಎಂಟು ಮಾತ್ರೆ: ಅಂಗೈ, ಬೆರಳು, ಚಟಿ, ಬೆರಳು, ಅಂಗೈ, ಬೆರಳು, ತೆರೆದದ್ದು, ತೆರೆದದ್ದು. ಬಾಯಲ್ಲಿ ಗು ಕು ಟಾ ಕು ಗು ಕು ದೂಂ ದೂಂ ಎಂದುಕೊಳ್ಳಬಹುದು. ಕೆಹರವಾ ತಾಳವೂ ಎಂಟೇ ಮಾತ್ರೆ: ಧಾ ಗೆ ನ ತಿ ನ ಕ ಧಿ ನ. ಎಂಟಕ್ಕೆ ಎಂಟು ಸರಿಹೋಯಿತೆಂದು ನಮ್ಮ ವಾದಕರು ತುಂಬಾದ ಮೇಲೂ ಕೆಹರವಾ ಬಾರಿಸಿಬಿಡುತ್ತಾರೆ. ಭಜನೆಗೂ ಸಿನಿಮಾ ಹಾಡಿಗೂ ಅದು ಚೆಂದವೇ, ಅದರಲ್ಲಿ ತಪ್ಪೇನಿಲ್ಲ. ಆದರೆ ಅದು ತುಂಬಾವ್ ಅಲ್ಲ. ಕೆಹರವಾದ ತೂಕ ಮೊದಲ ಮಾತ್ರೆಯ ಧಾ ಮೇಲೆ. ತುಂಬಾವ್‌ನ ತೂಕ ಏಳು ಎಂಟರ ಮೇಲೆ. ಮೊದಲ ಮಾತ್ರೆಯಲ್ಲಿ ಅಂಗೈಯ ಮೌನದಂಥ ಸದ್ದು ಮಾತ್ರ. ಬಾಸ್ ಗಿಟಾರ್ ಅಂತೂ ನಾಲ್ಕು ಮತ್ತು ಏಳರಲ್ಲಿ ನುಡಿದು ಒಂದನ್ನು ಖಾಲಿ ಬಿಡುತ್ತದೆ. ಸಮ್‌ಗೆ, ಅಂದರೆ ಆವರ್ತದ ಮೊದಲ ಮಾತ್ರೆಗೆ, ಬಂದು ಬೀಳುವ ಸುಖದಲ್ಲಿ ಬೆಳೆದ ವಾದಕನಿಗೆ ಸಮ್ ಕಳೆದುಹೋದಂತೆ ದಿಗಿಲಾಗುತ್ತದೆ. ಸಮ್ ಕಳೆದಿಲ್ಲ, ಎಲ್ಲರೂ ಅದನ್ನು ಬಲ್ಲರು, ಆದ್ದರಿಂದ ಯಾರೂ ಅದನ್ನು ಹೇಳುವುದಿಲ್ಲ.

ಕ್ಲಾವೆಯ 16 ಮಾತ್ರೆಗಳಲ್ಲಿ ತುಂಬಾವ್ ಎರಡು ಸುತ್ತು ತಿರುಗುತ್ತದೆ. ಮೊದಲ ಸುತ್ತಿನ ಏಳನೆಯ ಮಾತ್ರೆಯಲ್ಲಿ ಕ್ಲಾವೆಯ ಮೂರನೆಯ ಏಟೂ ತುಂಬಾದ ತೆರೆದ ಏಟೂ ಒಟ್ಟಿಗೆ ಬೀಳುತ್ತವೆ. ಎರಡನೆಯ ಸುತ್ತಿನ ಚಟಿ ಏಟಿನ ಮೇಲೆ ಕ್ಲಾವೆಯ ನಾಲ್ಕನೆಯ ಏಟು ಬೀಳುತ್ತದೆ. ಈ ಎರಡು ಕೂಡುಗಳನ್ನು ಕಿವಿ ಹಿಡಿದರೆ ದಾರಿ ತಪ್ಪುವುದಿಲ್ಲ. ಮೂರು ಏಟಿನ ಭಾಗ ಮೊದಲು ಬಂದರೆ 3–2, ಎರಡು ಏಟಿನ ಭಾಗ ಮೊದಲು ಬಂದರೆ 2–3 ಎನ್ನುತ್ತಾರೆ. ಹಾಡಿನ ಸಾಲು ಯಾವ ಭಾಗಕ್ಕೆ ಒಲಿಯುತ್ತದೆ ಎಂಬುದು ಅದನ್ನು ನಿರ್ಧರಿಸುತ್ತದೆ. ತಪ್ಪಿ ಅಡ್ಡಕ್ಕೆ ಬಿದ್ದವರನ್ನು ಕ್ಯೂಬಾದವರು ಕ್ರುಸಾದೊ, ಅಡ್ಡಬಿದ್ದವನು, ಎನ್ನುತ್ತಾರೆ.

ಬೊಂಗೊ ಮೊಣಕಾಲ ನಡುವೆ ಹಿಡಿಯುವ ಜೋಡಿ. ಚಿಕ್ಕದಕ್ಕೆ ಮಾಚೊ, ದೊಡ್ಡದಕ್ಕೆ ಎಂಬ್ರಾ, ಅಂದರೆ ಗಂಡು ಹೆಣ್ಣು. ಅದರ ನಡೆ ಮಾರ್ತಿಲ್ಲೊ, ಸುತ್ತಿಗೆ. ಎಂಟು ಮಾತ್ರೆಯ ಸುತ್ತು, ಏಳನೆಯದರಲ್ಲಿ ಹೆಣ್ಣಿನ ದನಿ. ಹಾಡು ಏರಿದಾಗ ವಾದಕ ಬೊಂಗೊ ಕೆಳಗಿಟ್ಟು ಗಂಟೆ ಎತ್ತಿಕೊಳ್ಳುತ್ತಾನೆ. ಸಾಂಬಾದ ಸುರ್ದೊ ಎರಡು ಎಣಿಕೆಯ ಲಯದಲ್ಲಿ ಎರಡನೆಯದರ ಮೇಲೆ ಗುಡುಗುತ್ತದೆ. ಅದನ್ನೇ ಸಮ್ ಎಂದು ತಿಳಿದು ಮೋಸಹೋಗುವುದು ಹೊಸಬರ ಸಾಮಾನ್ಯ ಅನುಭವ. ಡೊಮಿನಿಕನ್ ಮೆರೆಂಗೆಯಲ್ಲಿ ತಂಬೋರಾ ಎಂಬ ಎರಡು ಮುಖದ ವಾದ್ಯವನ್ನು ಒಂದು ಕಡೆ ಕೋಲಿನಿಂದ, ಇನ್ನೊಂದು ಕಡೆ ಕೈಯಿಂದ ಬಾರಿಸುತ್ತಾರೆ.

ಕಂಪ್ಯೂಟರಿನಲ್ಲಿ ಕಟ್ಟುವಾಗ

ಮನೆಯಲ್ಲೇ ಹಾಡು ಮಾಡುವ ಹುಡುಗ ಹುಡುಗಿಯರಿಗೆ ಇಂದು ಮೊಬೈಲಿನಲ್ಲೇ 16 ಮನೆಗಳ ಲಯಪಟ್ಟಿ ಸಿಗುತ್ತದೆ. ಅದರಲ್ಲಿ 1, 4, 7, 11, 13ನೆಯ ಮನೆಗಳನ್ನು ತುಂಬಿದರೆ ಕ್ಲಾವೆ ಸಿದ್ಧ. ಕೆಳಗಿನ ಸಾಲಿನಲ್ಲಿ ತುಂಬಾದ ಚಟಿ ಏಟು 3 ಮತ್ತು 11ರಲ್ಲಿ, ತೆರೆದ ಏಟು 7, 8, 15, 16ರಲ್ಲಿ. ಇಲ್ಲಿಯವರೆಗೆ ಐದು ನಿಮಿಷದ ಕೆಲಸ. ಆಮೇಲೆ ಎಲ್ಲ ಸಾಲುಗಳನ್ನೂ ಭರ್ತಿ ಮಾಡುವ ಆಸೆ ಬರುತ್ತದೆ. ಅದನ್ನು ತಡೆಯಬೇಕು. ಪ್ರತಿ ಸಾಲೂ ಇನ್ನೊಂದಕ್ಕೆ ಜಾಗ ಬಿಟ್ಟರೆ ಮಾತ್ರ ಕುಣಿಯುವ ಕಾಲು ನಡುವೆ ಬಂದು ನಿಲ್ಲುತ್ತದೆ. ತೂಗುವ ಎಡಗೈಯ ಸದ್ದನ್ನು ತೀರ ಮೆಲ್ಲಗೆ ಹಾಕಬೇಕು, ಎರಡು ತೆರೆದ ಏಟುಗಳ ಬಲ ಒಂದೇ ಇರಬಾರದು, ಎಲ್ಲ ಏಟೂ ಗೆರೆಯ ಮೇಲೇ ಕೂರಬೇಕಿಲ್ಲ. ಮಾದರಿ ಬಾಯಲ್ಲಿ ಹೇಳಲು ಬಾರದಿದ್ದರೆ ಪಟ್ಟಿಯಲ್ಲಿ ತುಂಬಿ ಪ್ರಯೋಜನವಿಲ್ಲ. ತಪ್ಪಿದ್ದು ಎಲ್ಲಿ ಎಂದು ಕಿವಿಗೆ ತಿಳಿಯುವುದೇ ಇಲ್ಲ.

ವೇಗಕ್ಕೆ ಆತುರ ಬೇಡ. ನಿಮಿಷಕ್ಕೆ 60 ಹೆಜ್ಜೆಯಲ್ಲಿ ಆರಂಭಿಸಿ, ಸಡಿಲ ಬಿಗುವು ಎರಡೂ ಸರಿಬಂದ ಮೇಲೆ 80, 90ಕ್ಕೆ ಏರಬಹುದು. ಕುಣಿತದ ಸಾಲ್ಸಾ ಸಾಮಾನ್ಯವಾಗಿ ಅಲ್ಲೇ ಆಸುಪಾಸು ಇರುತ್ತದೆ. ಸಾಧನೆಗೆ ಬಳಸುವ ಎಣಿಕೆಯ ಯಂತ್ರವನ್ನು ಪ್ರತಿ ಮಾತ್ರೆಗೂ ಹಚ್ಚದೆ ಆವರ್ತಕ್ಕೊಮ್ಮೆ ಮಾತ್ರ ಮಿಡಿಯುವಂತೆ ಇಟ್ಟರೆ ಒಳಗಿನ ಎಣಿಕೆ ಬಲಿಯುತ್ತದೆ.

ಬಿಸಿಲು ಮತ್ತು ಚರ್ಮ

ಕಲಬುರಗಿಯ ಬೇಸಿಗೆ 40 ಡಿಗ್ರಿ ದಾಟುತ್ತದೆ, ಗಾಳಿ ಒಣಗುತ್ತದೆ. ಚರ್ಮ ಬಿಗಿದು ನಾದ ಮೇಲೇರುತ್ತದೆ, ಮರದ ಪಟ್ಟಿಗಳ ನಡುವೆ ಬಿರುಕು ಬಿಡುವ ಭಯವಿರುತ್ತದೆ. ತುಂಬಾ, ಬೊಂಗೊಗಳನ್ನು ಬಾರಿಸಿ ಮುಗಿದ ಕೂಡಲೇ ತಿರುಪುಗಳನ್ನು ಸಮನಾಗಿ ಸಡಿಲಿಸಿ, ದಪ್ಪ ಬಟ್ಟೆ ಸುತ್ತಿ, ತಗಡಿನ ಮಾಡಿನ ಕೋಣೆಯಿಂದ ದೂರ ಇಡಬೇಕು. ಬಿಸಿಲಲ್ಲಿ ನಿಂತ ವಾಹನದಲ್ಲಿ ಬಿಡಲೇಬಾರದು. ಮಳೆಗಾಲದಲ್ಲಿ ಉಲ್ಟಾ: ಚರ್ಮ ಜೋತು ಬೀಳುತ್ತದೆ, ಬಾರಿಸುವ ಮುನ್ನ ಬಿಗಿಸಬೇಕು. ಹೊರಾಂಗಣದ ಕಾರ್ಯಕ್ರಮ ಹೆಚ್ಚಿರುವವರಿಗೆ ಫೈಬರ್‌ಗ್ಲಾಸಿನ ಮೈ, ಪ್ಲಾಸ್ಟಿಕ್ ಹೊದಿಕೆ ಅನುಕೂಲ. ಸಾಧನೆಗೆ ಮಾತ್ರ ನಿಜವಾದ ಚರ್ಮವೇ ಹೆಚ್ಚು ಕಲಿಸುತ್ತದೆ.

ನಾಲ್ವರ ಪಾಠ

ಒಬ್ಬರೇ ಕೂತು ಕಲಿತದ್ದು ಒಂದು ಮಟ್ಟಕ್ಕೆ ನಿಲ್ಲುತ್ತದೆ. ದುಬಾರಿ ವಾದ್ಯಗಳಿಲ್ಲದೆ ನಾಲ್ವರು ಸೇರಿ ಮಾಡಬಹುದಾದ ಪಾಠ ಹೀಗಿದೆ. ಒಬ್ಬರ ಕೈಯಲ್ಲಿ ಕೋಲಾಟದ ಕೋಲು, ಇನ್ನೊಬ್ಬರ ಕೈಯಲ್ಲಿ ನಾಲಗೆ ತೆಗೆದ ಎತ್ತಿನ ಗಂಟೆ, ಮೂರನೆಯವರ ಮುಂದೆ ಬೋರಲು ಹಾಕಿದ ಮರದ ಪೆಟ್ಟಿಗೆ, ನಾಲ್ಕನೆಯವರ ಬಳಿ ತುಂಬಾ, ಅದಿಲ್ಲದಿದ್ದರೆ ಢೋಲಕ. ಮೊದಲು ಕೋಲು ಕ್ಲಾವೆ ಹಿಡಿಯಲಿ, ನಾಲ್ಕು ಆವರ್ತ ಉಳಿದವರು ಕೇಳುತ್ತಿರಲಿ. ಆಮೇಲೆ ಗಂಟೆ 1, 5, 9, 13ರಲ್ಲಿ. ನಂತರ ತುಂಬಾವ್. ಕೊನೆಗೆ ಪೆಟ್ಟಿಗೆ, ಎಂಟರ ಸುತ್ತಿನಲ್ಲಿ ನಾಲ್ಕು ಮತ್ತು ಏಳರ ಮೇಲೆ ಮಾತ್ರ, ಬಾಸ್‌ನ ಬದಲಿಗೆ. ಯಾರೂ ತಮ್ಮ ತುಣುಕನ್ನು ಬದಲಿಸಬಾರದು, ಅಲಂಕಾರ ಸೇರಿಸಬಾರದು. ಹತ್ತು ನಿಮಿಷದ ನಂತರ ವಾದ್ಯ ಬದಲಿಸಿಕೊಂಡು ಮತ್ತೆ ಅದೇ.

ಲಂಬಾಣಿ ಮೇಳದಲ್ಲಿ ತಟ್ಟೆ ಬಡಿಯುವವರೂ ಹಲಗಿ ಮೇಳದಲ್ಲಿ ಒಂದೇ ಪೆಟ್ಟನ್ನು ಗಂಟೆಗಟ್ಟಲೆ ಕಾಯುವವರೂ ಈ ಶಿಸ್ತನ್ನು ಬಲ್ಲರು. ಕುಣಿಯುವವರಿಗೆ ಅವರು ಎಷ್ಟು ಮುಖ್ಯ ಎಂಬುದು ಅವರು ಒಂದು ಕ್ಷಣ ಕೈ ನಿಲ್ಲಿಸಿದಾಗ ಗೊತ್ತಾಗುತ್ತದೆ. ಕೋಲು ಹಿಡಿದವರು ಆ ಸ್ಥಾನದಲ್ಲಿರುತ್ತಾರೆ. ಪಾಠ ನಿಲ್ಲಿಸುವಾಗ ಪೆಟ್ಟಿಗೆ ಮೊದಲು ಬಿಡಬೇಕು, ಆಮೇಲೆ ತುಂಬಾ, ಆಮೇಲೆ ಗಂಟೆ. ಕೋಲು ಒಂದು ಆವರ್ತ ಒಂಟಿಯಾಗಿ ನಡೆದು ಹದಿಮೂರನೆಯ ಮಾತ್ರೆಯಲ್ಲಿ ನಿಲ್ಲಬೇಕು.